ಮಕ್ಕಳ ನಾಯಿ ಕೂಟ: ಮೊದಲ ಪಾಠ ಮುಂದಾಳುಗಳಿಗೆ

ಪೆನ್ನಾಗರಂ: ನಮ್ಮ ಕಡೆ ನಾಯಿ ಇಲ್ಲದ ಬೀದಿ ಹುಡುಕುವುದು ಕಷ್ಟ. ಕುರಿ ಹಟ್ಟಿಗೊಂದು, ಹೊಲದ ಕಾವಲಿಗೊಂದು, ಮನೆ ಬಾಗಿಲಿಗೊಂದು. ಎಲ್ಲಿಂದಲೋ ಎತ್ತಿಕೊಂಡು ಬಂದ ಮರಿಯನ್ನು ಅಪ್ಪನಿಗೆ ಕಾಣದಂತೆ ಹಿತ್ತಲಲ್ಲಿ ಸಾಕುವ ಹುಡುಗರೂ ಎಲ್ಲ ಊರಲ್ಲಿ ಇದ್ದಾರೆ. ಆದರೆ ನಾಯಿಯ ಜತೆ ಹೇಗಿರಬೇಕು ಎಂದು ಈ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಮನೆಯಲ್ಲಿ ಕಲಿಯುವುದು ಎರಡೇ ಮಾತು, ಒಂದು ‘ಹೊಡಿ’, ಇನ್ನೊಂದು ‘ಓಡು’. ಎರಡೂ ತಪ್ಪು ಪಾಠ.

ಊರಿನ ಯುವಕ ಸಂಘ, ಅಂದರೆ ತಮಿಳಿನಲ್ಲಿ ನಾವು ಮನ್ರಂ ಅನ್ನುವುದು, ವಾರಕ್ಕೊಮ್ಮೆ ಮಕ್ಕಳನ್ನೂ ಅವರ ಮನೆ ನಾಯಿಗಳನ್ನೂ ಒಂದೆಡೆ ಸೇರಿಸಿ ಪಾಠ ಹೇಳಿದರೆ ಹೇಗೆ? ಇದು ಕನಸಿನ ಮಾತೇನಲ್ಲ. ಬೇರೆ ದೇಶದ ಹಳ್ಳಿಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ. ಆದರೆ ಇಂಥ ಕೂಟ ನಡೆಸಲು ಮುಂದೆ ಬರುವ ಅಣ್ಣ, ಅಕ್ಕಂದಿರಿಗೆ ಮೊದಲು ತರಬೇತಿ ಆಗಬೇಕು. ನಾಯಿಗೆ ಅಲ್ಲ, ಮಕ್ಕಳಿಗೂ ಅಲ್ಲ, ಮೊದಲು ಅವರಿಗೆ. ಏಕೆ, ಏನು ತರಬೇತಿ ಎಂಬುದನ್ನು ಇಲ್ಲಿ ನೋಡೋಣ.

ಅಮೆರಿಕದ ಹಳ್ಳಿ ಕೂಟ

ಅಮೆರಿಕದಲ್ಲಿ 4-ಎಚ್ ಎಂಬ ಮಕ್ಕಳ ಸಂಘಟನೆ ಇದೆ. ತಲೆ, ಹೃದಯ, ಕೈ, ಆರೋಗ್ಯ ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಎಚ್ ಅಕ್ಷರವೇ ಮೊದಲು, ಅದಕ್ಕೆ ಈ ಹೆಸರು. 1902ರಲ್ಲಿ ಒಹಾಯೊ ರಾಜ್ಯದ ಎ.ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ರೈತರ ಮಕ್ಕಳನ್ನು ಸೇರಿಸಿ ಜೋಳ, ತರಕಾರಿ ಬೆಳೆಸುವ ಕೂಟ ಆರಂಭಿಸಿದರು. ಅದೇ ಇದರ ಬೇರು ಎನ್ನುತ್ತಾರೆ. 1914ರ ಕಾಯ್ದೆಯಿಂದ ಅಲ್ಲಿನ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕೆಲಸದ ಜತೆ ಇದು ಸೇರಿಕೊಂಡಿತು. ದನ, ಕುರಿ, ಕೋಳಿ ಕೂಟಗಳ ಜತೆಗೆ ನಾಯಿ ಕೂಟವೂ ಬಂತು. 1942ರಿಂದ ನ್ಯೂಜೆರ್ಸಿಯ ಈ ಮಕ್ಕಳು ಕುರುಡರಿಗೆ ದಾರಿ ತೋರಿಸುವ ನಾಯಿಗಳ ಮರಿಗಳನ್ನು ತಮ್ಮ ಮನೆಯಲ್ಲಿ ಸಾಕಿ, ಪಳಗಿಸಿ, ಬೆಳೆದ ಮೇಲೆ ಸಂಸ್ಥೆಗೆ ಹಿಂದಿರುಗಿಸುವ ಕೆಲಸವನ್ನೂ ಮಾಡುತ್ತ ಬಂದಿದ್ದಾರೆ. ಮುದ್ದಿನಿಂದ ಸಾಕಿದ ಮರಿಯನ್ನು ವರ್ಷದ ಮೇಲೆ ಬಿಟ್ಟುಕೊಡುವುದು ಆ ಮಕ್ಕಳಿಗೆ ಎಷ್ಟು ಕಷ್ಟವೋ!

ಈ ಕೂಟಗಳನ್ನು ನಡೆಸುವವರು ಸಂಬಳದವರಲ್ಲ, ಊರಿನ ಸ್ವಯಂಸೇವಕರು. ಆದರೆ ಬಂದವರನ್ನೆಲ್ಲ ಹಾಗೇ ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ. ಮೊದಲು ಅವರ ಹಿನ್ನೆಲೆ ಪರಿಶೀಲನೆ, ನಂತರ ತರಬೇತಿ. ನಾಯಿಗೆ ಹುಚ್ಚು ರೋಗದ ಲಸಿಕೆ ಆಗಿದೆ ಎಂಬ ಚೀಟಿ ಇಲ್ಲದೆ ಮೈದಾನಕ್ಕೆ ಪ್ರವೇಶವಿಲ್ಲ. ಸಂಘಟನೆಯ ಘೋಷವಾಕ್ಯವೇ ‘ಮಾಡಿ ಕಲಿ’. ಮುಂದಾಳು ಭಾಷಣ ಮಾಡುವುದಿಲ್ಲ, ಮಗುವಿನ ಕೈಯಲ್ಲೇ ಕೆಲಸ ಮಾಡಿಸಿ, ಪಕ್ಕದಲ್ಲಿ ನಿಂತಿರುತ್ತಾನೆ.

ನಮ್ಮಲ್ಲೂ ಯುವಕ ಸಂಘಗಳ ಕಲ್ಪನೆ ಹೊಸದಲ್ಲ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ, 1972ರಲ್ಲಿ ನೆಹರು ಯುವ ಕೇಂದ್ರ ಬಂದವು. ರಕ್ತದಾನ, ಗಿಡ ನೆಡುವುದು, ಕ್ರೀಡೆ ಎಲ್ಲ ನಡೆದಿವೆ. ನಾಯಿಯ ವಿಷಯ ಮಾತ್ರ ಯಾರ ಪಟ್ಟಿಗೂ ಬರಲಿಲ್ಲ. ನೋಡಿ, ಹೊಗೇನಕಲ್ ಸೀಮೆಯ ದನಕ್ಕೆ ಆಲಂಬಾಡಿ ಎಂಬ ತಳಿಯ ಹೆಸರಿದೆ, ಅದನ್ನು ಉಳಿಸುವ ಮಾತೂ ನಡೆಯುತ್ತದೆ. ಅದೇ ದನದ ಹಿಂದೆ ಕಾಡಿಗೆ ಹೋಗಿ ಬರುವ ನಾಯಿ ಬರೀ ‘ನಾಟ್ಟು ನಾಯಿ’!

ಇಷ್ಟು ಗಂಭೀರ ಏಕೆ?

ಕಾರಣ ಒಂದೇ, ರೇಬೀಸ್. ಕನ್ನಡದಲ್ಲಿ ಹುಚ್ಚುನಾಯಿ ರೋಗ, ತಮಿಳಿನಲ್ಲಿ ವೆರಿನಾಯ್ ಕಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ 100ಕ್ಕೆ 99ರಷ್ಟು ನಾಯಿಯಿಂದಲೇ. ಶಂಕಿತ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ 100ಕ್ಕೆ 40 ಮಂದಿ 15 ವರ್ಷದ ಒಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವ ಮುಂಚೆ ಲಸಿಕೆ ಹಾಕಿಸಿದರೆ ಬದುಕು ಉಳಿಯುತ್ತದೆ. ಕಚ್ಚಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದೇ ವಾರವೂ ಆಗಬಹುದು, ವರ್ಷವೂ ಆಗಬಹುದು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮಗು ಕಚ್ಚಿಸಿಕೊಂಡದ್ದನ್ನು ಹೇಳುವುದೇ ಇಲ್ಲ! ‘ಹೋಗಬೇಡ ಅಂದಿದ್ದೆ, ಹೋದೆಯಾ’ ಎಂದು ಬೈಗುಳ, ಏಟು. ಅದಕ್ಕಿಂತ ಹೆಚ್ಚಾಗಿ, ಮುದ್ದಿನ ನಾಯಿಯನ್ನು ದೊಡ್ಡವರು ಹೊಡೆದು ಕೊಂದುಬಿಟ್ಟಾರು ಎಂಬ ಭಯ. ಮರಿ ಹಲ್ಲು ತಾಗಿಸಿದ ಗೀರು ತಾನೇ ಎಂದು ನಿಕ್ಕರಿನಲ್ಲಿ ಮುಚ್ಚಿಕೊಂಡು ಓಡಾಡುತ್ತದೆ. ಆ ಗೀರು ಎರಡು ದಿನಕ್ಕೆ ಮಾಯುತ್ತದೆ, ಎಲ್ಲರೂ ಮರೆಯುತ್ತಾರೆ. ಅಪಾಯ ಇರುವುದು ಈ ಮೌನದಲ್ಲಿ. ಆದ್ದರಿಂದ ನಾಯಿ ಕೂಟದ ಮುಂದಾಳು ಎಂದರೆ ನಾಯಿಗೆ ಕೂರಲು, ನಿಲ್ಲಲು ಕಲಿಸುವವನು ಎಂದಷ್ಟೇ ತಿಳಿಯಬಾರದು. ಮಗು ಹೆದರದೆ ‘ಅಣ್ಣಾ, ನನಗೆ ಕಚ್ಚಿತು’ ಎಂದು ಬಂದು ಹೇಳಬಲ್ಲ ಒಬ್ಬ ದೊಡ್ಡ ಮನುಷ್ಯ ಅವನು. ತರಬೇತಿಯ ಮುಕ್ಕಾಲು ಪಾಲು ಇದಕ್ಕಾಗಿಯೇ.

ಕೂಟದ ಮೊದಲ ನಿಯಮ ಹೀಗಿರಲಿ: ಕಚ್ಚಿದ್ದನ್ನು ಹೇಳಿದವರಿಗೆ ಬೈಗುಳವಿಲ್ಲ, ನಾಯಿಯನ್ನು ಕೊಲ್ಲುವುದೂ ಇಲ್ಲ. ಮುಂದಾಳು ಈ ಮಾತನ್ನು ತಂದೆ ತಾಯಿಯರ ಎದುರಿಗೇ ಹೇಳಿ, ಅವರಿಂದಲೂ ಹೌದು ಅನ್ನಿಸಬೇಕು. ನಾಯಿಯನ್ನು ಕೊಂದರೆ ನಷ್ಟ ನಮಗೇ. ಏಕೆಂದರೆ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ಕಾಯಿಲೆ ಕಾಣುವ ಕೆಲವೇ ದಿನ ಮೊದಲು. ಕಚ್ಚಿದಾಗ ವೈರಸ್ ಇದ್ದರೆ ಆ ನಾಯಿ 10 ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. 10 ದಿನ ಕಟ್ಟಿಹಾಕಿ, ಅನ್ನ ನೀರು ಕೊಟ್ಟು ನೋಡಿದಾಗ ಅದು ಚೆನ್ನಾಗಿದ್ದರೆ ವೈದ್ಯರಿಗೆ ಅದೇ ದೊಡ್ಡ ಸುಳಿವು. ಆದರೆ ಒಂದು ಎಚ್ಚರಿಕೆ. 10 ದಿನ ಕಾದು ಆಮೇಲೆ ಸೂಜಿ ಹಾಕಿಸೋಣ ಎನ್ನಬಾರದು. ಸೂಜಿ ಇಂದೇ, ನೋಡುವುದು ಜತೆಜತೆಗೆ.

ಕಚ್ಚಿದ ಮೊದಲ 15 ನಿಮಿಷ

ಇದನ್ನು ಮುಂದಾಳುಗಳು ಬಾಯಿಪಾಠ ಮಾಡಿದರೆ ಸಾಲದು, ಕೈಯಲ್ಲಿ ಮಾಡಿ ತೋರಿಸಬೇಕು. ತರಬೇತಿಯಲ್ಲಿ ಒಬ್ಬರ ಕಾಲಿಗೆ ಇದ್ದಿಲಿನಿಂದ ಗುರುತು ಹಾಕಿ, ಇನ್ನೊಬ್ಬರು ಗಡಿಯಾರ ಇಟ್ಟುಕೊಂಡು ತೊಳೆಯಲಿ. ಹರಿಯುವ ನೀರು, ಬಟ್ಟೆ ಸೋಪಾದರೂ ಸರಿ, ಪೂರಾ 15 ನಿಮಿಷ. ಮಾಡಿ ನೋಡಿದರೆ ಗೊತ್ತಾಗುತ್ತದೆ, 15 ನಿಮಿಷ ಎಷ್ಟು ಉದ್ದ ಎಂದು! ನಮ್ಮಲ್ಲಿ ಅರ್ಧ ನಿಮಿಷ ತೊಳೆದು ‘ಆಯಿತು’ ಎನ್ನುವುದೇ ಹೆಚ್ಚು. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಅದಕ್ಕೇ ಬರೀ ನೀರಿಗಿಂತ ಸೋಪು ನೀರು ಮೇಲು. ಕೂಟ ಸೇರುವ ಜಾಗದಲ್ಲಿ ನೀರಿನ ಕೊಳಾಯಿ, ಸೋಪು ಇಲ್ಲವೆಂದರೆ ಅಂದು ಕೂಟ ಇಲ್ಲ.

ಅರಿಶಿನ, ಖಾರದ ಪುಡಿ, ಸುಣ್ಣ, ಕಾಫಿ ಪುಡಿ, ಎಣ್ಣೆ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ಬಿಗಿಯಾಗಿ ಕಟ್ಟಬಾರದು. ಮಂತ್ರ ಹಾಕಿಸಲೇಬೇಕು ಎಂದು ಅಜ್ಜಿ ಹಟ ಹಿಡಿದರೆ ಜಗಳ ಬೇಡ, ಆಸ್ಪತ್ರೆಗೆ ಹೋಗಿ ಬಂದ ಮೇಲೆ ಹಾಕಿಸಲಿ.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ಬಗೆ ಮಾಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ, ಮುಟ್ಟಿದರೆ ಮೊದಲ ಬಗೆ, ಲಸಿಕೆ ಬೇಕಿಲ್ಲ, ತೊಳೆದರೆ ಸಾಕು. ರಕ್ತ ಬಾರದ ಗೀರು, ಮೆಲ್ಲನೆ ಕಚ್ಚಿದ ಗುರುತು ಎರಡನೆಯದು, ಅದಕ್ಕೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದರೆ, ಅಥವಾ ಬಾಯಿ, ಕಣ್ಣು, ಹಳೆ ಗಾಯದ ಮೇಲೆ ಜೊಲ್ಲು ಬಿದ್ದರೆ ಮೂರನೆಯದು. ಇದಕ್ಕೆ ಲಸಿಕೆಯ ಜತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದನ್ನು ಗಾಯದೊಳಕ್ಕೇ ಹಾಕಬೇಕು. ಲಸಿಕೆ ಕೆಲಸ ಶುರು ಮಾಡಲು ಒಂದೆರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಯುವುದು ಈ ಮದ್ದು. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದು ಇರುತ್ತದೆ ಎಂದು ಎಣಿಸಬೇಡಿ. ಎಲ್ಲಿದೆ, ರಾತ್ರಿ ಸಿಗುತ್ತದೆಯೇ, ಧರ್ಮಪುರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೇ ಹೋಗಬೇಕೇ ಎಂಬುದನ್ನು ಕೂಟ ಆರಂಭಿಸುವ ಮುಂಚೆಯೇ ಮುಂದಾಳು ವಿಚಾರಿಸಿ, ಗೋಡೆ ಮೇಲೆ ಬರೆದಿಡಬೇಕು. ಜತೆಗೆ 108 ಸಂಖ್ಯೆಯನ್ನೂ.

ನಮ್ಮ ಹಿರಿಯರು ಹೆದರುತ್ತಿದ್ದ, ಹೊಟ್ಟೆಗೆ ಹಾಕುತ್ತಿದ್ದ 14 ಸೂಜಿಗಳ ಕಾಲ ಮುಗಿದಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಹೊತ್ತಿಗೆ ನಿಲ್ಲಿಸಿತು. ಈಗ ತೋಳಿಗೆ. ಚರ್ಮದೊಳಗೆ ಹಾಕುವ ಕ್ರಮವಾದರೆ 0, 3, 7, 28ನೇ ದಿನ, ಮಾಂಸಖಂಡಕ್ಕಾದರೆ 0, 3, 7, 14, 28ನೇ ದಿನ. ಮೊದಲ ಸೂಜಿ ಹಾಕಿಸಿದ ದಿನವೇ ಸೊನ್ನೆ. ಗಡಿಯಲ್ಲಿರುವ ನಮಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ಪೆನ್ನಾಗರಂನಲ್ಲಿ ಎರಡು ಸೂಜಿ ಆಗುತ್ತದೆ, ಅಷ್ಟರಲ್ಲಿ ಹಬ್ಬಕ್ಕೆಂದೋ ಕೂಲಿಗೆಂದೋ ಕುಟುಂಬ ಕರ್ನಾಟಕದ ಕಡೆ ಹೊರಡುತ್ತದೆ, ಮೂರನೆಯದು ತಪ್ಪಿಹೋಗುತ್ತದೆ. ಲಸಿಕೆಯ ಕ್ರಮ ಎರಡೂ ರಾಜ್ಯದಲ್ಲಿ ಒಂದೇ. ಚೀಟಿಯನ್ನು ಜತೆಗೆ ಒಯ್ದು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಮುಂದುವರಿಸಬಹುದು. ಚೀಟಿ ತಮಿಳಿನಲ್ಲಿದ್ದರೆ ಲಸಿಕೆ ಹೆಸರು, ದಿನಾಂಕಗಳನ್ನು ಕನ್ನಡದಲ್ಲೂ ಬರೆದು ಕೊಡುವುದು ಎರಡು ಭಾಷೆ ಬಲ್ಲ ಮುಂದಾಳುವಿನ ಕೆಲಸ.

ನಾಯಿ ಹೇಳುವುದು ಕೇಳಿಸಬೇಕು

ನಾಯಿ ಕಚ್ಚುವ ಮುಂಚೆ ಹೇಳುತ್ತದೆ, ನಮಗೆ ಓದಲು ಬರುವುದಿಲ್ಲ ಅಷ್ಟೆ. ಬಾಲ ಅಲ್ಲಾಡಿಸಿದರೆ ಖುಷಿ ಎಂದು ಎಲ್ಲರೂ ತಿಳಿದಿದ್ದಾರೆ, ಅದು ಪೂರ್ತಿ ನಿಜವಲ್ಲ. ಮೈ ಸಡಿಲವಾಗಿದ್ದು ಬಾಲದ ಜತೆ ಸೊಂಟವೂ ಆಡಿದರೆ ಖುಷಿ. ಮೈ ಸೆಟೆದು, ಬಾಲ ಎತ್ತಿ ತುದಿ ಮಾತ್ರ ಚುರುಕಾಗಿ ಆಡಿದರೆ ಹುಷಾರ್. ನಿದ್ದೆ ಇಲ್ಲದೆ ಆಕಳಿಸುವುದು, ಅನ್ನ ಇಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಇವೆಲ್ಲ ‘ನನ್ನನ್ನು ಬಿಡು’ ಎಂಬ ಮಾತು. ಎಲ್ಲಕ್ಕಿಂತ ಕೆಟ್ಟದ್ದು, ಆಡುತ್ತಿದ್ದ ನಾಯಿ ಥಟ್ಟನೆ ಕಲ್ಲಿನಂತೆ ನಿಂತುಬಿಡುವುದು. ಗುರ್ ಎನ್ನುವ ನಾಯಿಗೆ ಹೊಡೆಯಬಾರದು. ಹೊಡೆದರೆ ಅದು ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ.

ಮುಂದಾಳುಗಳ ತರಬೇತಿಯ ಮೊದಲ ದಿನ ನಾಯಿಯೇ ಬೇಡ ಎಂದು ನನ್ನ ಅಭಿಪ್ರಾಯ. ಒಬ್ಬ ನಾಯಿಯಾಗಿ ನಟಿಸಲಿ, ಉಳಿದವರು ಮಕ್ಕಳಾಗಲಿ. ತಿನ್ನುವ, ಮಲಗಿದ, ಮರಿ ಹಾಕಿದ ನಾಯಿ ಹತ್ತಿರ ಹೋಗದಿರುವುದು, ಓಡಿಬರುವ ನಾಯಿಯ ಮುಂದೆ ಮರದಂತೆ ನಿಲ್ಲುವುದು, ಕೈ ಕಟ್ಟಿಕೊಂಡು ಕಾಲ ಬೆರಳು ನೋಡುವುದು, ಬಿದ್ದುಬಿಟ್ಟರೆ ಮುದುಡಿ ಕಿವಿ ಕುತ್ತಿಗೆ ಮುಚ್ಚಿಕೊಳ್ಳುವುದು, ಎಲ್ಲವನ್ನೂ ಆಟವಾಗಿ ಆಡಿಸಬಹುದು. ಮಕ್ಕಳಿಗೆ ಇದು ಬಹಳ ಇಷ್ಟ. ಗೋವಾದಲ್ಲಿ ಮಿಷನ್ ರೇಬೀಸ್ ಎಂಬ ಸಂಸ್ಥೆ ರಾಜ್ಯ ಸರ್ಕಾರದ ಜತೆ ಸೇರಿ ಬೀದಿ ನಾಯಿಗಳಿಗೆ ಲಸಿಕೆ ಹಾಕುವುದರ ಜತೆಗೆ ಶಾಲೆ ಶಾಲೆಗೂ ಹೋಗಿ ಮಕ್ಕಳಿಗೆ ಪಾಠ ಹೇಳಿತು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಲಾಯಿತು. ಊರಿನ ನಾಯಿಗಳಲ್ಲಿ 100ಕ್ಕೆ 70ಕ್ಕೆ ಲಸಿಕೆ ಆದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಈ ಕೆಲಸದ ಲೆಕ್ಕಾಚಾರ.

‘ಬಾ’ ಅನ್ನೋಣವೋ ‘ವಾ’ ಅನ್ನೋಣವೋ?

ಎರಡನೇ ದಿನ ನಾಯಿ ಬರಲಿ, ಆದರೆ ಒಂದೋ ಎರಡೋ, ಸಾಧುವಾದ, ಲಸಿಕೆ ಆದ ಮನೆ ನಾಯಿ. ಇಲ್ಲಿ ನಮ್ಮ ಸೀಮೆಯದೇ ಒಂದು ತಮಾಷೆ ಇದೆ. ಅಮ್ಮ ಕನ್ನಡದಲ್ಲಿ ಕರೆಯುತ್ತಾಳೆ, ಮಗ ಶಾಲೆಯ ತಮಿಳಿನಲ್ಲಿ, ಪಕ್ಕದ ಮನೆಯವರು ತೆಲುಗಿನಲ್ಲಿ ‘ರಾ’ ಎನ್ನುತ್ತಾರೆ. ಟಿವಿ ನೋಡಿ ‘ಸಿಟ್’ ಎನ್ನುವವರೂ ಇದ್ದಾರೆ. ಪಾಪ, ನಾಯಿ ಏನು ಮಾಡಬೇಕು? ನಾಯಿಗೆ ಯಾವ ಭಾಷೆಯೂ ಆಗುತ್ತದೆ, ಆದರೆ ಒಂದು ಕೆಲಸಕ್ಕೆ ಒಂದೇ ಪದ ಇರಬೇಕು. ಕೂಟದವರೆಲ್ಲ ಕುಳಿತು ಪದಪಟ್ಟಿ ಮಾಡಿಕೊಳ್ಳಲಿ. ಎರಡೂ ಭಾಷೆಗೆ ಹೊಂದುವ ಪದಗಳೇ ಸಾಕಷ್ಟಿವೆ. ‘ನಿಲ್ಲು’ ಕನ್ನಡಕ್ಕೂ ತಮಿಳಿಗೂ ಒಂದೇ. ‘ಬಾ’ ಮತ್ತು ‘ವಾ’, ‘ಬಿಡು’ ಮತ್ತು ‘ವಿಡು’ ಅಣ್ಣತಮ್ಮಂದಿರು, ಒಂದನ್ನು ಆರಿಸಿಕೊಂಡರಾಯಿತು. ‘ಕೂತ್ಕೊ’ ಮತ್ತು ‘ಉಕ್ಕಾರು’ ಮಾತ್ರ ದೂರದ ನೆಂಟರು, ಅಲ್ಲಿ ಮನೆಯವರೇ ತೀರ್ಮಾನಿಸಲಿ. ಪದದ ಜತೆ ಕೈ ಸನ್ನೆಯೂ ಇದ್ದರೆ ಇನ್ನೂ ಸುಲಭ, ಏಕೆಂದರೆ ನಾಯಿ ನಮ್ಮ ಮಾತಿಗಿಂತ ಮೈಯನ್ನೇ ಹೆಚ್ಚು ನೋಡುತ್ತದೆ.

ಕಲಿಸುವುದು ಬೆತ್ತದಿಂದಲ್ಲ. ಮಾಡಿದ ಕೂಡಲೇ ಬೇಯಿಸಿದ ಮೊಟ್ಟೆಯ ಚೂರೋ, ಕಡಲೆ ಗಾತ್ರದ ಮುದ್ದೆಯೋ ಕೊಟ್ಟರೆ ಸಾಕು. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ಕೊಡಬಾರದು, ನಾಯಿಗೆ ವಿಷ. ಪಾಠ ಹತ್ತು ನಿಮಿಷಕ್ಕೆ ಮೀರಬಾರದು. ಬಿಸಿಲೇರುವ ಮುಂಚೆ ಮುಗಿಸಬೇಕು, ಅಂಗೈ ಹಿಂಭಾಗವನ್ನು ನೆಲಕ್ಕೆ ಇಟ್ಟು ಐದು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯುವುದಿಲ್ಲ. ಹಗ್ಗವನ್ನು ಮಗು ಕೈಗೆ ಸುತ್ತಿಕೊಳ್ಳಬಾರದು, ನಾಯಿ ಎಳೆದರೆ ಬೆರಳೇ ಮುರಿದೀತು. ಕೊನೆಗೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಕುರಿ ಕಡಿದ ಕಡೆ ಒಳ ಅಂಗ ತಿನ್ನುವ ನಾಯಿಯ ಹೊಟ್ಟೆಯಲ್ಲಿ ಒಂದು ಬಗೆಯ ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ನೀರುಗಡ್ಡೆ ಬೆಳೆಯುತ್ತದೆ.

ಯಾರನ್ನು ಆರಿಸಬಾರದು

ನಾಯಿಗೆ ಹೆದರದ, ಮೀಸೆ ತಿರುವುವ ಧೈರ್ಯಶಾಲಿಯನ್ನೇ ಜನ ಮೊದಲು ಆರಿಸುತ್ತಾರೆ. ನನ್ನ ಮಟ್ಟಿಗೆ ಅವನು ಕೊನೆಯವನಾಗಿರಲಿ. ‘ಇಂದು ಬೇಡ, ನಾಯಿ ದಣಿದಿದೆ’ ಎಂದು ಅಳುವ ಮಗುವಿಗೆ ಹೇಳಬಲ್ಲ ತಾಳ್ಮೆಯ ಅಕ್ಕನೊಬ್ಬಳು ಹತ್ತು ಧೈರ್ಯಶಾಲಿಗಳಿಗಿಂತ ಮೇಲು. ಆರು ಮಕ್ಕಳಿಗೆ ಒಬ್ಬ ಮುಂದಾಳು, ಯಾವಾಗಲೂ ಇಬ್ಬರು ದೊಡ್ಡವರು ಕಣ್ಣಳತೆಯಲ್ಲಿ, ಎಂಟು ವರ್ಷದೊಳಗಿನವರು ನೋಡಲು ಮಾತ್ರ. ಯಾವ ಮಗುವನ್ನೂ ಒಬ್ಬ ದೊಡ್ಡವರ ಜತೆ ಒಂಟಿಯಾಗಿ ಬಿಡಬಾರದು, ಆ ದೊಡ್ಡವರು ಎಷ್ಟೇ ಒಳ್ಳೆಯವರಾಗಿರಲಿ. 2012ರ ಪೋಕ್ಸೊ ಕಾಯ್ದೆಯ ಬಗ್ಗೆ, 1098 ಮಕ್ಕಳ ಸಹಾಯವಾಣಿಯ ಬಗ್ಗೆ ಒಂದು ಗಂಟೆ ಪಾಠ ಇಡಲೇಬೇಕು. ಇದನ್ನು ಕೇಳಿ ಬೇಸರಪಡುವವರು ಮುಂದಾಳು ಆಗದಿದ್ದರೇ ಒಳ್ಳೆಯದು.

ಮೊಲ ಬೇಟೆಯ ಚಟ ಇರುವವರು ಬೇಡ. ನಾಯಿ ಬಿಟ್ಟು ಮೊಲ, ಹಂದಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. 2022ರಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿ ಧಾಮ ಎಂದು ಘೋಷಿಸಿದ ಮೇಲಂತೂ ಇನ್ನೂ ಎಚ್ಚರ ಬೇಕು. ಕೂಟದಲ್ಲಿ ಪಳಗಿದ ನಾಯಿ ಕಾಡಿನಲ್ಲಿ ಸಿಕ್ಕಿಬಿದ್ದರೆ ಮಕ್ಕಳ ಹೆಸರೂ ಕೆಡುತ್ತದೆ. ಹಾಗೆಯೇ ಮರಿ ಮಾರುವ ವ್ಯಾಪಾರಿಗಳು. ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ, ಕನ್ನಿ ತಳಿಗಳ ಬಗ್ಗೆ ಮಕ್ಕಳಿಗೆ ಹೇಳಿಕೊಡಿ. 2005ರಲ್ಲಿ ಅಂಚೆ ಇಲಾಖೆ ಮುಧೋಳ ಮತ್ತು ರಾಜಪಾಳಯಂ ನಾಯಿಗಳ ಅಂಚೆಚೀಟಿ ತಂದದ್ದು ಹೆಮ್ಮೆಯ ವಿಷಯ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಆದರೆ ಕೂಟದಲ್ಲಿ ಬೆಲೆ ಮಾತನಾಡುವುದು ಶುರುವಾದರೆ ನಾಟ್ಟು ನಾಯಿ ತಂದ ಬಡ ಹುಡುಗ ಮರುವಾರ ಬರುವುದಿಲ್ಲ.

ಬೀದಿ ನಾಯಿಯನ್ನು ಮಕ್ಕಳಿಂದ ಹಿಡಿಸುವುದಂತೂ ಕೂಡದು. 2023ರ ನಿಯಮಗಳ ಪ್ರಕಾರ ಅವುಗಳ ಸಂತಾನ ಶಸ್ತ್ರಚಿಕಿತ್ಸೆ, ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ, ಹಿಡಿಯುವವರು ತರಬೇತಾದವರೇ ಆಗಿರಬೇಕು. ಅಂಥ ತರಬೇತಿ ನೀಡುವ ಕೇಂದ್ರವೊಂದು ನಮ್ಮದೇ ರಾಜ್ಯದ ಊಟಿ ಬಳಿ ಇದೆ. ಕೂಟ ಸೇರಲು ಶಾಲೆಯ ಮೈದಾನವನ್ನು ಆರಿಸುವ ಮುಂಚೆಯೂ ಯೋಚಿಸಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ನವೆಂಬರ್ 2025ರಲ್ಲಿ ಆದೇಶಿಸಿದೆ. ಮನೆ ನಾಯಿಗೆ ಅದು ಅನ್ವಯಿಸದಿದ್ದರೂ ತಕರಾರು ಏಳಬಹುದು, ಹೊಲದಂಚಿನ ಬಯಲೇ ವಾಸಿ.

ಯಾರ ಬಳಿ ಹೋಗಬೇಕು

ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಊರಿನ ಒಬ್ಬ ಶಿಕ್ಷಕರು, ಈ ಮೂವರು ಒಪ್ಪಿದರೆ ಎರಡು ದಿನದ ತರಬೇತಿಗೆ ಬೇರೆ ಯಾರೂ ಬೇಡ. ದೊಡ್ಡ ಸಲಹೆ ಬೇಕಾದರೆ ನಾಮಕ್ಕಲ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ನಾಯಿ ಕಾಯಿಲೆ ಬಿದ್ದರೆ ಕರೆಯಬೇಕಾದ ಸಂಖ್ಯೆ 1962, ಎರಡೂ ರಾಜ್ಯದಲ್ಲಿ ಅದೇ. ವಾರವಾರ ನಾಯಿಗಳ ಜತೆ ಇರುವ ಮುಂದಾಳುಗಳು ತಾವೂ ಮುಂಚಿತವಾಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ.

ಮೊದಲ ಕೆಲಸಕ್ಕೆ ಒಳ್ಳೆಯ ದಿನ ಜುಲೈ 6. 1885ರಲ್ಲಿ ಅದೇ ದಿನ ಲೂಯಿ ಪಾಶ್ಚರ್ ಹುಚ್ಚು ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಬಾರಿ ಲಸಿಕೆ ಕೊಡಿಸಿದರು, ಹುಡುಗ ಬದುಕಿದ. ಅವರ ಹೆಸರಿನ ಸಂಸ್ಥೆ 1907ರಿಂದ ನಮ್ಮ ಕೂನೂರಿನಲ್ಲೂ ಇದೆ. ಆ ದಿನ ಪ್ರಾಣಿಜನ್ಯ ರೋಗಗಳ ದಿನವೆಂದು ಹಲವು ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಇರುತ್ತದೆ. ನಿಮ್ಮ ಊರಿನಲ್ಲಿ ಇದೆಯೇ ಎಂದು ಜೂನ್‌ನಲ್ಲೇ ಕೇಳಿಕೊಳ್ಳಿ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಮುದಿ ನಾಯಿಯವರೆಗೆ ಎಲ್ಲವನ್ನೂ, ಒಂದೊಂದಕ್ಕೂ ಒಂದೊಂದು ಹಗ್ಗ ಹಾಕಿ, ಒಂದಕ್ಕೊಂದು ಕಚ್ಚದಷ್ಟು ದೂರದಲ್ಲಿ ಸಾಲಾಗಿ ಕರೆದೊಯ್ಯಬೇಕು. ಚೀಟಿಗಳನ್ನು ಕೂಟದ ಪುಸ್ತಕಕ್ಕೆ ಅಂಟಿಸಿಡಿ, ಮುಂದಿನ ವರ್ಷದ ಸೂಜಿಯ ದಿನಾಂಕವನ್ನು ಪಕ್ಕದಲ್ಲೇ ಮಗುವಿನ ಕೈಯಿಂದ ಬರೆಸಿ.